ಡಿಸೆಂಬರಿನ ಬಿರುಕು, ಜೂನಿನ ನೀರು

ಮುಂಬಯಿಯ ಚಳಿಗಾಲ ಎಂದರೆ ಊರಿನವರು ನಗುತ್ತಾರೆ. ಸ್ವೆಟರ್ ಪೆಟ್ಟಿಗೆಯಿಂದ ಹೊರಬರುವ ಮೊದಲೇ ಅದು ಮುಗಿದಿರುತ್ತದೆ. ಆದರೂ ಡಿಸೆಂಬರಿನಲ್ಲಿ ಕಡಲ ಗಾಳಿಯ ಜೋರು ಇಳಿದು ಒಳನಾಡಿನ ಒಣಗಾಳಿ ಬೀಸತೊಡಗಿದರೆ ಅದರ ಗುರುತು ಮೊದಲು ಬೀಳುವುದು ಹಿಮ್ಮಡಿಯ ಮೇಲೆ. ಅಂಚು ಬೆಳ್ಳಗಾಗುತ್ತದೆ, ಬಿರಿಯುತ್ತದೆ, ಸೀರೆಯ ನೆರಿಗೆ ಅದಕ್ಕೆ ಸಿಕ್ಕಿಕೊಳ್ಳುತ್ತದೆ. ನೋವು ಹೆಚ್ಚಾದ ದಿನ ಮೆಡಿಕಲ್ಲಿನಿಂದ ಒಂದು ಟ್ಯೂಬ್ ಬರುತ್ತದೆ. ನೋವು ತಗ್ಗಿದ ದಿನ ಅದು ಮಂಚದ ಕೆಳಗೆ ಸೇರುತ್ತದೆ. ಒಡೆದ ಹಿಮ್ಮಡಿಯನ್ನು ಕಾಯಿಲೆ ಎಂದು ಯಾರೂ ಎಣಿಸುವುದಿಲ್ಲ. ಮದುವೆಮನೆಯಲ್ಲಿ ಚಪ್ಪಲಿ ಬಿಡುವಾಗ ಆಗುವ ಮುಜುಗರ, ಅಷ್ಟೇ.

ಈ ನಗರದ ಮಟ್ಟಿಗೆ ಇದು ತಪ್ಪು ಲೆಕ್ಕ. ಮುಂಗಾರು ಮುಂಬಯಿಯನ್ನು ಮುಟ್ಟುವ ವಾಡಿಕೆಯ ದಿನ ಜೂನ್ 11. ಅದಕ್ಕಾಗಿ ಮಹಾನಗರಪಾಲಿಕೆ ಪ್ರತಿವರ್ಷ ಮೇ 31ರ ಗಡುವು ಇಟ್ಟುಕೊಂಡು ನಾಲೆಗಳ ಹೂಳೆತ್ತಿಸುತ್ತದೆ. ನಗರ ತನ್ನ ನಾಲೆಗಳ ಬಾಯಿ ಬಿಡಿಸುವ ಹೊತ್ತಿಗೆ ನಾವು ಪಾದದ ಬಾಯಿಗಳನ್ನು ಮುಚ್ಚಿಕೊಂಡಿರಬೇಕು. ಚಳಿಗಾಲದಲ್ಲಿ ಬಿರಿದು, ಬೇಸಿಗೆಯಲ್ಲಿ ದಪ್ಪಗಟ್ಟಿ, ಹಾಗೇ ಜೂನಿಗೆ ಹೋದ ಹಿಮ್ಮಡಿ ಮೊಣಕಾಲುದ್ದದ ಕೊಳಚೆನೀರಿನಲ್ಲಿ ಇಳಿದಾಗ ಏನಾಗಬಹುದು ಎಂಬುದಕ್ಕೆ ಸಾಕಷ್ಟು ಪುರಾವೆ ಇದೆ. ಸಕ್ಕರೆ ಕಾಯಿಲೆಯ ಪ್ರಮಾಣ ಏರುತ್ತಿರುವುದರಿಂದ ಅಪಾಯ ಮುಂದೆ ಹೆಚ್ಚುವುದೇ ಹೊರತು ತಗ್ಗುವ ಸೂಚನೆ ಕಾಣುವುದಿಲ್ಲ.

ಮೊದಲು ಹಿಮ್ಮಡಿಯ ರಚನೆ. ಅಂಗಾಲಿನಲ್ಲಿ ಜಿಡ್ಡು ಸ್ರವಿಸುವ ಗ್ರಂಥಿ ಒಂದೂ ಇಲ್ಲ. ಇರುವುದು ಬೆವರಿನ ಗ್ರಂಥಿಗಳು ಮಾತ್ರ, ಅವು ಮೈಯ ಬೇರೆಡೆಗಿಂತ ದಟ್ಟವಾಗಿವೆ. ಚರ್ಮದ ತೀರ ಹೊರಗಿನ, ಸತ್ತ ಕೋಶಗಳ ಪದರ ಇಲ್ಲಿ ಮುಖದ ಅಥವಾ ತೋಳಿನ ಪದರಕ್ಕಿಂತ ಹಲವು ಪಟ್ಟು ದಪ್ಪ. ಅದರ ಕೆಳಗೆ ಕೊಬ್ಬಿನ ಮೆತ್ತೆ. ನಿಂತಾಗಲೆಲ್ಲ ಈ ಮೆತ್ತೆ ಭಾರಕ್ಕೆ ಅಗಲವಾಗಿ ಪಕ್ಕಕ್ಕೆ ಉಬ್ಬುತ್ತದೆ. ಹಿಂಬದಿ ಮುಚ್ಚಿದ ಶೂ ಆದರೆ ಅದನ್ನು ಹಿಡಿದಿಡುತ್ತದೆ; ಹವಾಯಿ ಚಪ್ಪಲಿ ಹಿಡಿಯುವುದಿಲ್ಲ. ಹೊರಪದರ ಮೆತ್ತಗಿದ್ದರೆ ಆ ಉಬ್ಬಿಗೆ ತಕ್ಕಂತೆ ಹಿಗ್ಗುತ್ತದೆ, ಒಣಗಿದ್ದರೆ ಸೀಳುತ್ತದೆ. ಗೋರೆಗಾಂವಿನಿಂದ ಚರ್ಚ್‌ಗೇಟಿನ ತನಕ ಲೋಕಲ್ಲಿನಲ್ಲಿ ನಿಂತೇ ಹೋಗಿ, ದಿನವಿಡೀ ಕೌಂಟರಿನ ಹಿಂದೆ ನಿಂತು, ಮತ್ತೆ ನಿಂತೇ ಮರಳುವವರ ಹಿಮ್ಮಡಿ ಮೊದಲು ಒಡೆಯುವುದು ಇದರಿಂದಲೇ. ಮೈತೂಕ ಹೆಚ್ಚಿದ್ದರೆ ಸೀಳು ಇನ್ನೂ ಆಳ.

ಒಣಗಿದ ಚರ್ಮಕ್ಕೆ ಎಣ್ಣೆ ಹಚ್ಚಿದರೆ ಆಯಿತು ಎಂದು ನಾವೆಲ್ಲ ನಂಬಿದ್ದೇವೆ. ಅಮೆರಿಕದ ಇರ್ವಿನ್ ಬ್ಲ್ಯಾಂಕ್ ಎಂಬ ವಿಜ್ಞಾನಿ 1952ರಲ್ಲಿ ಇದನ್ನು ನೇರವಾಗಿ ಪರೀಕ್ಷಿಸಿದ. ಅಂಗಾಲಿನ ದಪ್ಪಗಟ್ಟಿದ ಚರ್ಮದ ತುಣುಕುಗಳನ್ನು ಒಣಗಿಸಿ ಎಣ್ಣೆಯಲ್ಲಿಟ್ಟ. ಅವು ಗಡುಸಾಗಿಯೇ ಉಳಿದವು. ನೀರು ಸೋಕಿಸಿದ ಕೂಡಲೇ ಮೆತ್ತಗಾದವು. ಚರ್ಮವನ್ನು ಬಾಗುವಂತೆ ಮಾಡುವುದು ನೀರು. ಆ ನೀರು ಆರಿಹೋಗದಂತೆ ತಡೆಯುವುದಷ್ಟೇ ಎಣ್ಣೆಯ ಕೆಲಸ. ಎಪ್ಪತ್ತು ವರ್ಷ ದಾಟಿದ ಈ ಪ್ರಯೋಗ ಇನ್ನೂ ನಮ್ಮ ಬಚ್ಚಲುಮನೆಗೆ ಬಂದಿಲ್ಲ. ರಾತ್ರಿ ಒಣಕಾಲಿಗೆ ಎಣ್ಣೆ ಸವರಿ ಮಲಗಿ, ಬೆಳಿಗ್ಗೆ ಗುಣ ಕಾಣದೆ ಬ್ರ್ಯಾಂಡ್ ಬದಲಾಯಿಸುತ್ತೇವೆ.

ಈಗ ನೀರಿನ ವಿಷಯ. 2005ರ ಜುಲೈ 26ರಂದು ಸಾಂತಾಕ್ರೂಜ್ ಹವಾಮಾನ ಕೇಂದ್ರದಲ್ಲಿ 24 ಗಂಟೆಗಳಲ್ಲಿ 944 ಮಿ.ಮೀ. ಮಳೆ ದಾಖಲಾಯಿತು. ಅದೇ ದಿನ ಕೊಲಾಬಾದಲ್ಲಿ ಸುಮಾರು 73 ಮಿ.ಮೀ. ಮಾತ್ರ. ಉಪನಗರಗಳ ಲಕ್ಷಾಂತರ ಜನ ಆ ರಾತ್ರಿ ಎದೆಮಟ್ಟದ ನೀರಿನಲ್ಲಿ ನಡೆದು ಮನೆ ಸೇರಿದರು. ಮುಳುಗಿ, ಕುಸಿದು ಸತ್ತವರ ಸುದ್ದಿಯ ಹಿಂದೆಯೇ ಇನ್ನೊಂದು ಅಲೆ ಬಂತು: ಇಲಿಜ್ವರ, ಅಂದರೆ ಲೆಪ್ಟೊಸ್ಪೈರೋಸಿಸ್. ಅದರ ಪ್ರಮಾಣ ಹಿಂದಿನ ವರ್ಷಗಳಿಗಿಂತ ಎಂಟು ಪಟ್ಟು ಏರಿತ್ತು. ಅದಕ್ಕೂ ಮೊದಲು, 2000ದ ಮಳೆಗಾಲದ ನೆರೆಯ ಬಳಿಕ, ಸಾಯನ್ ಆಸ್ಪತ್ರೆಯ ಮಕ್ಕಳ ವೈದ್ಯರು ಜೋಪಡಿಗಳ ಮಕ್ಕಳಲ್ಲಿ ಇದೇ ಕಾಯಿಲೆಯನ್ನು ಗುರುತಿಸಿ ವರದಿ ಮಾಡಿದ್ದರು.

ಲೆಪ್ಟೊಸ್ಪೈರಾ ಸ್ಕ್ರೂವಿನಂತೆ ಸುರುಳಿಯಾದ ಬ್ಯಾಕ್ಟೀರಿಯಾ. ಇಲಿ, ದನ, ಎಮ್ಮೆ, ನಾಯಿಗಳ ಮೂತ್ರದಲ್ಲಿ ಹೊರಬಿದ್ದು ನಿಂತ ನೀರಿನಲ್ಲಿ, ಕೆಸರಿನಲ್ಲಿ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಬದುಕುತ್ತದೆ. ರಾತ್ರಿ ಇಲಿ ಕೊಲ್ಲಲೆಂದೇ ಪಾಲಿಕೆ ಸಂಬಳ ಕೊಟ್ಟು ನೌಕರರನ್ನು ಇಟ್ಟುಕೊಂಡಿರುವ ಊರು ಇದು, ಇಲಿಗಳ ಸಂಖ್ಯೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಗಟ್ಟಿಯಾದ ಅಖಂಡ ಚರ್ಮವನ್ನು ಈ ಜೀವಿ ಸುಲಭವಾಗಿ ದಾಟಲಾರದು. ಅದಕ್ಕೆ ಬೇಕಾದದ್ದು ಕಣ್ಣು, ಬಾಯಿಗಳ ತೆಳುಪೊರೆ, ಬಹಳ ಹೊತ್ತು ನೆನೆದು ಮೆತ್ತಗಾದ ಚರ್ಮ, ಇಲ್ಲವೇ ಒಂದು ಗೀರು. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 10 ಲಕ್ಷ ಜನಕ್ಕೆ ಈ ಕಾಯಿಲೆ ತಗಲಿ 59 ಸಾವಿರದಷ್ಟು ಮಂದಿ ಸಾಯುತ್ತಾರೆ ಎಂದು 2015ರ ಒಂದು ಅಂದಾಜು. ಹೆಚ್ಚು ಪೆಟ್ಟು ಬೀಳುವುದು 20ರಿಂದ 49 ವಯಸ್ಸಿನ ಗಂಡಸರಿಗೆ, ಎಂದರೆ ಮಳೆ ಬಂದರೂ ಕೆಲಸಕ್ಕೆ ಹೊರಡಲೇಬೇಕಾದವರಿಗೆ.

ಪಾಲಿಕೆಯ ಆರೋಗ್ಯ ವಿಭಾಗ ಭಾರಿ ಮಳೆಯ ನಂತರ ಹೊರಡಿಸುವ ಸೂಚನೆಯಲ್ಲಿ ಕಾಲಿನಲ್ಲಿ ಗಾಯ, ತರಚು ಇದ್ದು ನೀರಿನಲ್ಲಿ ನಡೆದವರನ್ನು ಗಾಯವಿಲ್ಲದವರಿಗಿಂತ ಹೆಚ್ಚು ಅಪಾಯದವರೆಂದು ಬೇರೆ ಮಾಡಿರುತ್ತದೆ. 72 ಗಂಟೆಗಳೊಳಗೆ ವೈದ್ಯರನ್ನು ಕಂಡು ಮುನ್ನೆಚ್ಚರಿಕೆಯ ಮಾತ್ರೆ ತೆಗೆದುಕೊಳ್ಳಿ ಎನ್ನುತ್ತದೆ. ಆದರೆ ‘ಕಾಲಿಗೆ ಗಾಯ ಇದೆಯೇ’ ಎಂದು ಕೇಳಿದರೆ ಹಿಮ್ಮಡಿ ಒಡೆದವರು ‘ಇಲ್ಲ’ ಎಂದೇ ಉತ್ತರಿಸುತ್ತಾರೆ. ರಕ್ತ ಒಸರುವಷ್ಟು ಆಳದ ಸೀಳು ಐದಾರು ಇದ್ದರೂ ಅದು ಅವರ ಲೆಕ್ಕಕ್ಕೆ ಗಾಯವಲ್ಲ. ನನ್ನ ಮಟ್ಟಿಗೆ ಇಡೀ ಸಮಸ್ಯೆಯ ಗಂಟು ಇಲ್ಲಿದೆ.

ಮಾತ್ರೆ ಇದೆಯಲ್ಲ ಎನ್ನುವವರಿಗೆ ಎರಡು ಪ್ರಯೋಗಗಳನ್ನು ನೆನಪಿಸಬೇಕು. ಪನಾಮಾದ ಕಾಡಿನಲ್ಲಿ ತರಬೇತಿಯಲ್ಲಿದ್ದ ಅಮೆರಿಕದ ಸೈನಿಕರಿಗೆ ವಾರಕ್ಕೊಮ್ಮೆ ಡಾಕ್ಸಿಸೈಕ್ಲಿನ್ ಕೊಟ್ಟು ನೋಡಿದ 1984ರ ಅಧ್ಯಯನದಲ್ಲಿ ರಕ್ಷಣೆ ಶೇ. 95ರಷ್ಟಿತ್ತು. ನಮ್ಮದೇ ಅಂಡಮಾನಿನಲ್ಲಿ 2000ದಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅದೇ ಔಷಧ ಸೋಂಕನ್ನು ತಡೆಯಲಿಲ್ಲ. ಕಾಯಿಲೆ ಬಿದ್ದವರ ಸಂಖ್ಯೆಯನ್ನು ಮಾತ್ರ ಅರ್ಧದಷ್ಟಕ್ಕೆ ಇಳಿಸಿತು. ಮಾತ್ರೆ ಬೇಡವೆಂದಲ್ಲ, ಬೇಕು. ಅದನ್ನು ನೆಚ್ಚಿ ಸೀಳುಗಾಲಿನಲ್ಲಿ ನೀರಿಗಿಳಿಯಬಾರದು.

ಇಲಿಜ್ವರವನ್ನು ಬಿಟ್ಟರೂ ಬಿರುಕಿನಿಂದ ಒಳನುಗ್ಗುವ ಮಾಮೂಲಿ ಬ್ಯಾಕ್ಟೀರಿಯಾಗಳಿವೆ. ಕಾಲು ಕೆಂಪಗೆ ಬಾತು, ಚಳಿಜ್ವರ ಬರುವ ಸೆಲ್ಯುಲೈಟಿಸ್ ಕುರಿತು ಫ್ರಾನ್ಸಿನ ಏಳು ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನ 1999ರಲ್ಲಿ ಪ್ರಕಟವಾಯಿತು. 167 ರೋಗಿಗಳನ್ನು 294 ಬೇರೆ ರೋಗಿಗಳೊಡನೆ ಹೋಲಿಸಿದಾಗ, ಕಾಲಿನ ಚರ್ಮದಲ್ಲಿ ಎಲ್ಲಾದರೂ ತೆರೆದ ಜಾಗ ಇದ್ದವರಿಗೆ ಈ ಸೋಂಕಿನ ಸಂಭವ ಸುಮಾರು 24 ಪಟ್ಟು ಹೆಚ್ಚೆಂದು ಕಂಡಿತು. ಕಾಲ್ಬೆರಳ ಸಂದಿನ ಹುಣ್ಣೊಂದೇ ಸುಮಾರು 14 ಪಟ್ಟು ಹೆಚ್ಚಿಸುತ್ತಿತ್ತು. ಮಳೆಗಾಲದಲ್ಲಿ ಗಾಳಿಯ ತೇವದಿಂದ ಹಿಮ್ಮಡಿಯ ಬಿರುಕು ತಾನಾಗಿ ಸ್ವಲ್ಪ ಕೂಡಿಕೊಳ್ಳುತ್ತದೆ ನಿಜ. ಅದೇ ಹೊತ್ತಿಗೆ ಒದ್ದೆ ಬೂಟಿನೊಳಗೆ ಬೆರಳ ಸಂದು ಬೆಳ್ಳಗೆ ಕೊಳೆತು ಬಾಯಿ ತೆರೆಯುತ್ತದೆ. ಒಂದು ಬಾಗಿಲು ಮುಚ್ಚುತ್ತಿದ್ದಂತೆ ಪಕ್ಕದ್ದು ತೆರೆದಿರುತ್ತದೆ.

ಎರಡನೆಯ ಅಪಾಯ ಸಕ್ಕರೆ ಕಾಯಿಲೆಯದು, ಅದಕ್ಕೆ ಮಳೆ ಬೇಕಿಲ್ಲ. ಐಸಿಎಂಆರ್ ನೆರವಿನ ದೇಶವ್ಯಾಪಿ ಸಮೀಕ್ಷೆ 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಭಾರತದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಮುಂಬಯಿಯಲ್ಲೇ ಪಾಲಿಕೆ ವಿಶ್ವ ಆರೋಗ್ಯ ಸಂಸ್ಥೆಯ ಮಾದರಿಯಲ್ಲಿ 2021ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ 18ರಿಂದ 69 ವಯಸ್ಸಿನವರ ಪೈಕಿ ಶೇ. 18ರಷ್ಟು ಮಂದಿಗೆ ಖಾಲಿ ಹೊಟ್ಟೆಯ ಸಕ್ಕರೆ ಮಧುಮೇಹದ ಮಟ್ಟದಲ್ಲಿತ್ತು. ಸಕ್ಕರೆ ವರ್ಷಗಟ್ಟಲೆ ಹೆಚ್ಚಿದ್ದರೆ ಕಾಲಿನ ನರಗಳು ಎರಡು ಬಗೆಯಲ್ಲಿ ಕೆಡುತ್ತವೆ. ಬೆವರು ನಡೆಸುವ ನರ ಕೆಟ್ಟರೆ ಅಂಗಾಲು ಒಣಗಿ ಒಡೆಯುತ್ತದೆ. ಸ್ಪರ್ಶದ ನರ ಕೆಟ್ಟರೆ ಆ ಒಡಕು ನೋಯುವುದೇ ಇಲ್ಲ. ಅದಕ್ಕೇ ಕೆಲವರಲ್ಲಿ ಹಿಮ್ಮಡಿ ಭೀಕರವಾಗಿ ಸೀಳಿದ್ದರೂ ‘ಏನೂ ತೊಂದರೆ ಇಲ್ಲ ಮಾರಾಯ್ರೆ’ ಎಂಬ ಮಾತು ಕೇಳುತ್ತದೆ. ಆ ಮಾತಿಗೆ ಹೆದರಬೇಕು. ಮಧುಮೇಹಿಗಳಲ್ಲಿ ಶೇ. 19ರಿಂದ 34ರಷ್ಟು ಜನಕ್ಕೆ ಜೀವಮಾನದಲ್ಲಿ ಒಮ್ಮೆಯಾದರೂ ಪಾದದ ಹುಣ್ಣಾಗುತ್ತದೆ ಎಂದು 2017ರ ಒಂದು ವಿಮರ್ಶೆ ಲೆಕ್ಕಹಾಕಿದೆ. ಅಮೆರಿಕದ ಸಿಯಾಟಲ್‌ನಲ್ಲಿ ಮಧುಮೇಹಿಗಳ 80 ಅಂಗಚ್ಛೇದನಗಳ ಹಿನ್ನೆಲೆಯನ್ನು ಕೆದಕಿದ, 1990ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ. 84ರಲ್ಲಿ ಅದರ ಹಾದಿಯಲ್ಲೊಂದು ಹುಣ್ಣಿತ್ತು.

ಮುಂಬಯಿ ಕನ್ನಡಿಗರಲ್ಲಿ ಈ ಎರಡೂ ಅಪಾಯಗಳು ಸೇರುವ ಜಾಗಗಳು ನಮಗೆಲ್ಲ ಗೊತ್ತಿರುವವೇ. ಹೋಟೆಲಿನ ಹಿಂಭಾಗದ ತೊಳೆಯುವ ಜಾಗದಲ್ಲಿ ಹುಡುಗರ ಕಾಲು ಹಗಲಿಡೀ ಸೋಪಿನ ನೀರಿನಲ್ಲಿ. ಸೋಪು ಚರ್ಮದ ಹೊರಪದರದೊಳಗಿನ ಕೊಬ್ಬಿನಂಶವನ್ನೂ ನೀರು ಹಿಡಿದಿಡುವ ಸತ್ವವನ್ನೂ ತೊಳೆದೊಯ್ಯುತ್ತದೆ, ಆದ್ದರಿಂದ ಸದಾ ಒದ್ದೆಯಾಗಿರುವ ಕಾಲೇ ರಾತ್ರಿ ಹೆಚ್ಚು ಒಣಗುವುದು. ಕಲಬುರಗಿ, ಯಾದಗಿರಿ, ವಿಜಯಪುರದಿಂದ ಬಂದು ಬೆಳಿಗ್ಗೆ ನಾಕಾದಲ್ಲಿ ನಿಂತು ಕೂಲಿ ಹಿಡಿಯುವವರು ಬರಿಗಾಲಿನಲ್ಲಿ ಹಸಿ ಸಿಮೆಂಟು ತುಳಿಯುತ್ತಾರೆ. ಅದು ಸುಣ್ಣದಷ್ಟೇ ಉರಿ ಕ್ಷಾರ. ಗಮ್‌ಬೂಟು ಕೊಡಿಸುವುದು ಗುತ್ತಿಗೆದಾರನ ಕೆಲಸ, ಕೂಲಿಯವನದಲ್ಲ; ಪಾದದ ಆರೈಕೆಯ ಉಪದೇಶವೆಲ್ಲ ಅವರ ಹೆಗಲಿಗೇ ಬೀಳುವುದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಮಾಟುಂಗದ ಕಿಂಗ್ಸ್ ಸರ್ಕಲ್, ಗಾಂಧಿ ಮಾರ್ಕೆಟ್ ಸುತ್ತ ಪ್ರತಿ ಮಳೆಗಾಲ ನೀರು ನಿಲ್ಲುತ್ತದೆ. ಹಿಂದ್‌ಮಾತಾ, ಅಂಧೇರಿ ಸಬ್‌ವೇ, ಮಿಲನ್ ಸಬ್‌ವೇಗಳ ಪಾಡೂ ಅದೇ.

ಭಕ್ತಿಯ ಮಾತನ್ನೂ ಆಡಿಬಿಡಬೇಕು. ಅಯ್ಯಪ್ಪ ಮಾಲೆ ಹಾಕಿದವರು ನವೆಂಬರಿನಿಂದ ಜನವರಿಯೊಳಗೆ 41 ದಿನ ಬರಿಗಾಲಿನಲ್ಲಿರುತ್ತಾರೆ. ಗಾಳಿ ಅತಿ ಒಣಗಿದ ಕಾಲ ಅದೇ. ವ್ರತವನ್ನು ಆಕ್ಷೇಪಿಸುವವನು ನಾನಲ್ಲ. ಸಕ್ಕರೆ ಕಾಯಿಲೆಯಿಂದ ಪಾದ ಜೋಮುಗಟ್ಟಿದವರು ಮಾತ್ರ ಗುರುಸ್ವಾಮಿಯವರಿಗೆ ತಿಳಿಸಿ ಪಾದರಕ್ಷೆಗೆ ಅನುಮತಿ ಕೇಳುವುದು ಒಳ್ಳೆಯದು.

ಹಾಗಾದರೆ ಮನೆಯಲ್ಲಿ ಮಾಡುವುದೇನು? ಇದಕ್ಕೆ ಹಳೆಯ, ನಂಬಬಹುದಾದ ಪಾಠ ಬಂದದ್ದು ಸೌಂದರ್ಯದ ಅಂಗಡಿಗಳಿಂದಲ್ಲ, ಕುಷ್ಠರೋಗದ ಆಸ್ಪತ್ರೆಗಳಿಂದ. ವಡಾಲಾದ ಅಕ್‌ವರ್ತ್ ಆಸ್ಪತ್ರೆ 1890ರಿಂದ ಇಲ್ಲಿದೆ. ಕುಷ್ಠದಲ್ಲೂ ಕಾಲಿನ ನರ ಸತ್ತು, ಬೆವರು ನಿಂತು, ಹಿಮ್ಮಡಿ ಒಡೆದು, ನೋವಿಲ್ಲದ ಹುಣ್ಣು ಎಲುಬಿನವರೆಗೆ ಹೋಗುತ್ತದೆ. ಆ ಹುಣ್ಣುಗಳಿಗೆ ಕಾರಣ ರೋಗಾಣುವಲ್ಲ, ಅರಿವಿಲ್ಲದ ಪಾದದ ಮೇಲೆ ಬೀಳುವ ಒತ್ತಡ ಮತ್ತು ಗಾಯ ಎಂದು ವೆಲ್ಲೂರಿನಲ್ಲಿ ಪಾಲ್ ಬ್ರ್ಯಾಂಡ್ ತೋರಿಸಿಕೊಟ್ಟರು. ಕುಷ್ಠ ಕಾರ್ಯಕರ್ತರು ರೋಗಿಗಳಿಗೆ ಇಂದಿಗೂ ಕಲಿಸುವ ಕ್ರಮ ಸರಳ: ತಣ್ಣೀರಿನಲ್ಲಿ ಇಪ್ಪತ್ತು ನಿಮಿಷ ಕಾಲು ನೆನೆಸು, ದಪ್ಪಗಟ್ಟಿದ್ದನ್ನು ಒರಟು ಕಲ್ಲಿನಿಂದ ಮೆಲ್ಲಗೆ ಉಜ್ಜು, ತೇವ ಆರುವ ಮೊದಲು ಎಣ್ಣೆ ಹಚ್ಚು. ಬ್ಲ್ಯಾಂಕ್ ಹೇಳಿದ್ದೂ ಅದನ್ನೇ.

ಸ್ಪರ್ಶ ಸರಿಯಿರುವ ಆರೋಗ್ಯವಂತರು ಇದನ್ನೇ ರಾತ್ರಿ ಮಾಡಬಹುದು. ಹತ್ತು ನಿಮಿಷ ನೆನೆಸಿದರೂ ಸಾಕು. ನೀರಿಗೆ ಉಪ್ಪು, ಶಾಂಪೂ, ನಿಂಬೆ ಯಾವುದೂ ಬೇಕಿಲ್ಲ. ಒಮ್ಮೆಲೇ ಪೂರ್ತಿ ಉಜ್ಜಿ ತೆಗೆಯುವ ಹಟ ಬೇಡ, ವಾರದಲ್ಲಿ ಎರಡು ಸಲ ಸ್ವಲ್ಪ ಸ್ವಲ್ಪ. ಹಚ್ಚಲು ವ್ಯಾಸಲೀನ್ ಆಗುತ್ತದೆ, ಕೊಬ್ಬರಿ ಎಣ್ಣೆಯೂ ಆಗುತ್ತದೆ. ಉತ್ತರ ಕನ್ನಡದವರ ಮನೆಯಲ್ಲಿ ಮುರುಗಲ ತುಪ್ಪದ ಉಂಡೆ ಇರುತ್ತದೆ. ದಾದರಿನ ಮರಾಠಿ ಅಂಗಡಿಗಳಲ್ಲಿ ಅದೇ ಕೋಕಮ್ ತೇಲ್ ಎಂಬ ಹೆಸರಿನಲ್ಲಿ ಬಿಳಿಯ ಗಟ್ಟಿಯಾಗಿ ಸಿಗುತ್ತದೆ. ಮೈಯ ಬಿಸಿಗಿಂತ ತುಸು ಹೆಚ್ಚಿನ ಕಾವಿನಲ್ಲಿ ಕರಗುವ ಕೊಬ್ಬಾದ್ದರಿಂದ ಕೊಬ್ಬರಿ ಎಣ್ಣೆಯಂತೆ ಚಾದರಕ್ಕೆ ಹರಿದುಹೋಗದೆ ಹಿಮ್ಮಡಿಯ ಮೇಲೇ ನಿಲ್ಲುತ್ತದೆ. ಅಜ್ಜಿಯರ ಮದ್ದುಗಳಲ್ಲಿ ಇದಕ್ಕೆ ನನ್ನ ಓಟು. ಚರ್ಮ ತುಂಬ ದಪ್ಪಗಟ್ಟಿದ್ದರೆ ಯೂರಿಯಾ ಇರುವ ಕ್ರೀಮು ಹೆಚ್ಚು ಕೆಲಸ ಮಾಡುತ್ತದೆ. ಶೇ. 10ರಷ್ಟು ಯೂರಿಯಾ ನೀರನ್ನು ಹಿಡಿದಿಡುತ್ತದೆ, ಶೇ. 20 ದಾಟಿದರೆ ಗಡುಸು ಪದರವನ್ನೇ ಸಡಿಲಿಸುತ್ತದೆ. ಮಧುಮೇಹಿಗಳ ಒಣಪಾದಗಳ ಮೇಲೆ ನಡೆದ ಸಣ್ಣ ಪ್ರಯೋಗಗಳಲ್ಲಿ ಯೂರಿಯಾ ಕ್ರೀಮು ಒಣಗುವಿಕೆಯನ್ನು ತಗ್ಗಿಸಿದೆ. ಬಾಯಿ ತೆರೆದು ರಕ್ತ ಬರುವ ಸೀಳಿಗೆ ಅದನ್ನು ತುಂಬಿದರೆ ಉರಿಯುತ್ತದೆ. ಅಲ್ಲಿಗೆ ಮೊದಲು ವ್ಯಾಸಲೀನ್, ಅದರ ಮೇಲೆ ಹತ್ತಿಯ ಕಾಲುಚೀಲ. ದಪ್ಪ ಪದರ ಇಳಿದು ಹೊಸ ಚರ್ಮ ಮೇಲೆ ಬರಲು ನಾಲ್ಕಾರು ವಾರ ಬೇಕು. ಏಪ್ರಿಲ್ ಮುಗಿಯುವ ಮೊದಲು ಶುರುಮಾಡಿ ಎಂದು ನಾನು ಹೇಳುವುದು ಈ ಲೆಕ್ಕದಿಂದ.

ಮಧುಮೇಹದಿಂದ ಜೋಮುಗಟ್ಟಿದ ಕಾಲಿಗೆ ಕ್ರಮ ಬೇರೆ. ಮಧುಮೇಹಿಗಳ ಪಾದದ ಆರೈಕೆಯ ಅಂತರರಾಷ್ಟ್ರೀಯ ಮಾರ್ಗಸೂಚಿ ಇವರಿಗೆ ದಿನಾ ತೊಳೆಯಿರಿ, ನೀರು 37 ಡಿಗ್ರಿಗಿಂತ ಕಡಿಮೆ ಇರಲಿ, ಬೆರಳ ಸಂದು ಒಣಗಿಸಿ, ಕ್ರೀಮನ್ನು ಸಂದಿಗೆ ಬಿಟ್ಟು ಉಳಿದೆಡೆ ಹಚ್ಚಿ, ಮನೆಯೊಳಗೂ ಬರಿಗಾಲು ಬೇಡ ಎನ್ನುತ್ತದೆ. ಬಹಳ ಹೊತ್ತು ನೆನೆಸುವುದು, ಬ್ಲೇಡು, ಆಣಿಗೆ ಹಚ್ಚುವ ಆಮ್ಲದ ಪ್ಲಾಸ್ಟರು ಇವರಿಗಲ್ಲ. ಕಾದ ಮೇಣವನ್ನು ಬಿರುಕಿಗೆ ಸುರಿಯುವ ಹಳೆಯ ಉಪಾಯವಂತೂ ಬೇಡವೇ ಬೇಡ. ಸುಟ್ಟದ್ದು ಮಾರನೆಯ ದಿನ ಗುಳ್ಳೆ ಎದ್ದಾಗಲೇ ಗೊತ್ತಾಗುವುದು.

ಕಾಲು ಜೋಮುಗಟ್ಟಿದೆಯೇ ಎಂದು ತಿಳಿಯಲು ಯಂತ್ರ ಬೇಕಿಲ್ಲ. ಇಂಗ್ಲೆಂಡಿನ ಇಪ್ಸ್‌ವಿಚ್ ಆಸ್ಪತ್ರೆಯವರು ರೂಪಿಸಿದ ಒಂದು ಪರೀಕ್ಷೆ ಇದೆ. ಅಪ್ಪ ಕಣ್ಣು ಮುಚ್ಚಿ ಮಲಗಿರಲಿ. ಮಗಳು ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳ ತುದಿಯನ್ನು ತೋರುಬೆರಳಿನಿಂದ ಹಗುರಾಗಿ ಒಂದೆರಡು ಸೆಕೆಂಡು ಮುಟ್ಟಲಿ. ಒತ್ತಬಾರದು, ಕೆರೆಯಬಾರದು, ಎರಡನೆಯ ಸಲ ಮುಟ್ಟಬಾರದು. ಆರರಲ್ಲಿ ಎರಡು ಅಥವಾ ಹೆಚ್ಚು ಬೆರಳಿನ ಸ್ಪರ್ಶ ತಿಳಿಯದಿದ್ದರೆ ಪಾದಗಳು ಜೋಮುಗಟ್ಟಿವೆ ಎಂದೇ ಎಣಿಸಿ ವೈದ್ಯರಿಗೆ ತೋರಿಸಬೇಕು.

ಒಡೆದದ್ದೆಲ್ಲ ಒಣಗಿದ್ದಲ್ಲ ಎಂಬುದನ್ನೂ ನೆನಪಿಡಬೇಕು. ಒಂದೇ ಪಾದ ಬೆಳ್ಳಗೆ ಹಿಟ್ಟು ಚೆಲ್ಲಿದಂತಿದ್ದು, ಉಗುರು ದಪ್ಪಗೆ ಹಳದಿಯಾಗಿದ್ದರೆ ಅದು ಫಂಗಸ್ ಇರಬಹುದು. ತುರಿಕೆಯೂ ಇರದೆ ವರ್ಷಗಟ್ಟಲೆ ಒಣಚರ್ಮದ ವೇಷದಲ್ಲಿರುತ್ತದೆ. ಅದಕ್ಕೆ ಮೆಡಿಕಲ್ಲಿನವರು ಎತ್ತಿಕೊಡುವ ಸ್ಟೆರಾಯ್ಡ್ ಬೆರೆತ ಕ್ರೀಮು ಹಚ್ಚಿದರೆ ಕೆಂಪು ಇಳಿಯುತ್ತದೆ, ಫಂಗಸ್ ಹಬ್ಬುತ್ತದೆ. ಸೋರಿಯಾಸಿಸ್, ಥೈರಾಯ್ಡ್ ಕೊರತೆಗಳೂ ಹಿಮ್ಮಡಿಯಲ್ಲಿ ಮುಖ ತೋರಿಸುವುದುಂಟು. ಒಂದು ತಿಂಗಳ ನಿಯತ್ತಿನ ಆರೈಕೆಗೂ ಜಗ್ಗದ ಒಡಕನ್ನು ಚರ್ಮವೈದ್ಯರು ನೋಡಲಿ.

ಇಷ್ಟೆಲ್ಲ ಮಾಡಿಯೂ ಒಂದು ಸಂಜೆ ಲೋಕಲ್ ನಿಂತು, ನೀರಿನಲ್ಲಿ ನಡೆದೇ ಮನೆಗೆ ಬರಬೇಕಾಗುತ್ತದೆ. ಇದು ಮುಂಬಯಿ. ಬಂದ ಕೂಡಲೇ ಸೋಪು ಹಾಕಿ ತೊಳೆದು, ಸಂದು ಒರೆಸಿ, ಬೆಳಕಿನಲ್ಲಿ ಅಂಗಾಲು ನೋಡಿಕೊಳ್ಳಿ. ಬಗ್ಗಲಾಗದವರು ನೆಲದ ಮೇಲೆ ಕನ್ನಡಿ ಇಟ್ಟು ನೋಡಲಿ. ಸೀಳು ಇದ್ದರೆ ಪಾಲಿಕೆಯ ದವಾಖಾನೆಯಲ್ಲಿ ಅದನ್ನು ಗಾಯವೆಂದೇ ಹೇಳಿ ಮಾತ್ರೆ ಕೇಳಿ. ಬಸುರಿಯರಿಗೂ ಎಳೆಯ ಮಕ್ಕಳಿಗೂ ಔಷಧ ಬೇರೆ, ಮನೆಯಲ್ಲಿದ್ದದ್ದನ್ನು ಹಂಚಿಕೊಳ್ಳಬೇಡಿ. ಇಲಿಜ್ವರ ಸಾಮಾನ್ಯವಾಗಿ ಐದರಿಂದ ಹದಿನಾಲ್ಕು ದಿನಗಳಲ್ಲಿ, ಕೆಲವೊಮ್ಮೆ ತಿಂಗಳ ಹೊತ್ತಿಗೆ ಕಾಣಿಸುತ್ತದೆ. ಆ ಅವಧಿಯಲ್ಲಿ ಜ್ವರ, ಮೀನಖಂಡ ಮುಟ್ಟಿದರೆ ನೋವು, ಕೀವಿಲ್ಲದೆ ಕೆಂಪಾದ ಕಣ್ಣು, ಮೂತ್ರ ಕಡಿಮೆಯಾಗುವುದು, ಕಾಮಾಲೆ, ಇವುಗಳಲ್ಲಿ ಯಾವುದು ಕಂಡರೂ ಮಲೇರಿಯಾ, ಡೆಂಗಿಯ ಪರೀಕ್ಷೆಗೆ ನಿಲ್ಲದೆ ‘ಇಂಥ ದಿನ ನೀರಿನಲ್ಲಿ ನಡೆದಿದ್ದೆ, ಹಿಮ್ಮಡಿ ಒಡೆದಿತ್ತು’ ಎಂದು ವೈದ್ಯರಿಗೆ ತಾವಾಗಿಯೇ ಹೇಳಬೇಕು. ಮೊದಲ ವಾರದಲ್ಲಿ ಪ್ರತಿಕಾಯದ ಪರೀಕ್ಷೆ ಹಲವರಲ್ಲಿ ನೆಗೆಟಿವ್ ಬರುತ್ತದೆ. ಆಗ ರಕ್ತದ ಪಿಸಿಆರ್ ಪರೀಕ್ಷೆಯೇ ಹೆಚ್ಚು ನಂಬಿಕೆಯದು. ಅನುಮಾನ ಬಲವಾಗಿದ್ದರೆ ವೈದ್ಯರು ಅದರ ಫಲಿತಾಂಶಕ್ಕೂ ಕಾಯದೆ ಚಿಕಿತ್ಸೆ ಶುರುಮಾಡುತ್ತಾರೆ.